ಒಂದು ವರ್ಷ, 3,000 ಜಾತಿ ಹಕ್ಕಿ: ದೇಶ ಜಾಸ್ತಿ ಮಾಡ್ಲಾ, ದಿನ ಜಾಸ್ತಿ ಮಾಡ್ಲಾ?

ಟಿಟ್ಟಿಭ:
ಎಲ್ರಿಗೂ ನಮಸ್ಕಾರ. ಕೆಲಸದಿಂದ ಪೂರ್ತಿ ಒಂದು ವರ್ಷ ರಜಾ ಸಿಕ್ಕಿದೆ, ಜನವರಿ 1ರಿಂದ ಡಿಸೆಂಬರ್ 31ರವರೆಗೆ ಹೊರದೇಶ ಸುತ್ತಿ ಬಿಗ್ ಇಯರ್, ಅಂದ್ರೆ ಒಂದೇ ವರ್ಷದಲ್ಲಿ ಆದಷ್ಟು ಜಾಸ್ತಿ ಜಾತಿ ಹಕ್ಕಿ ನೋಡಿ ಎಣಿಸೋದು, ಮಾಡೋಣ ಅಂತಿದೀನಿ. ರೆಕಾರ್ಡ್ ಮುರಿಯೋ ಹುಚ್ಚೇನಿಲ್ಲ. 2015ರಲ್ಲಿ ಅಮೆರಿಕಾದ ನೋವಾ ಸ್ಟ್ರೈಕರ್ 41 ದೇಶ ಸುತ್ತಿ 6,042 ಜಾತಿ ನೋಡಿದ್ದು, ಮರುವರ್ಷಾನೇ ಡಚ್ಚರ ಆರ್ಯಾನ್ ದ್ವಾರ್ಸ್‌ಹೌಸ್ 6,800ರ ಮೇಲೆ ಹೋಗಿದ್ದು ಎಲ್ಲಾ ಓದಿದೀನಿ, ನಂಗೆ 3,000 ಆದ್ರೆ ಸಾಕಪ್ಪ. ಸದ್ಯಕ್ಕೆ 28 ದೇಶದ ಪಟ್ಟಿ ಮಾಡ್ಕೊಂಡಿದೀನಿ, ಒಂದೊಂದರಲ್ಲಿ ಹನ್ನೆರಡು ಹದಿಮೂರು ದಿನ. ಇದು ಸರೀನಾ? ಇನ್ನೊಂದು, ಕೂಗು ಮಾತ್ರ ಕೇಳಿದ್ರೆ ಲೆಕ್ಕಕ್ಕೆ ತಗೊಬೋದಾ?

ಗೂಬೆಕಣ್ಣು:
28 ನೋಡಿ ನಗು ಬಂತು ಸರ್, ಬೇಜಾರಾಗ್ಬೇಡಿ, ನಾನೂ ಮೊದಲು ಹಿಂಗೇ ಮಾಡಿದ್ದೆ. ಹನ್ನೆರಡು ದಿನದಲ್ಲಿ ಬರೋಕೆ ಒಂದು, ಹೋಗೋಕೆ ಒಂದು, ಮಳೆಗೆ ಎರಡು, ವಾಹನ ಕೆಟ್ಟು ಒಂದು, ಉಳಿದಿದ್ದು ಏಳು ಬೆಳಗ್ಗೆ ಅಷ್ಟೇ. ಹಕ್ಕಿ ನೋಡೋದು ಬೆಳಗ್ಗೆ ಲೆಕ್ಕದಲ್ಲಿ, ದಿನದ ಲೆಕ್ಕದಲ್ಲಲ್ಲ.

ಗಡಿ ದಾಟಿದ್ರೆ ಹಕ್ಕಿ ಬದಲಾಗಲ್ಲ, ಬೆಟ್ಟ ಹತ್ತಿದ್ರೆ ಬದಲಾಗತ್ತೆ. ಪೆರುವಿನ ಮನು ರಸ್ತೆ ತಗೊಳಿ, ಮೂರು ಸಾವಿರ ಮೀಟರ್ ಮೇಲಿನಿಂದ ಇಳಿಯೋಕೆ ಶುರು ಮಾಡಿ ಅಮೆಜಾನ್ ಬಯಲಿಗೆ ಬಂದು ಮುಟ್ಟತ್ತೆ, ಐನೂರು ಮೀಟರ್ ಇಳಿದಂಗೆಲ್ಲಾ ಬೇರೆ ಟ್ಯಾನೇಜರ್ (ಬಣ್ಣಬಣ್ಣದ ಪುಟ್ಟ ಹಕ್ಕಿ), ಬೇರೆ ಹಮ್ಮಿಂಗ್‌ಬರ್ಡ್, ಮೇಲಿದ್ದ ಜಾತಿಯ ತಮ್ಮನೋ ತಂಗಿಯೋ ಕೆಳಗೆ ಕೂತಿರತ್ತೆ. ಆಂಡೀಸ್‌ನ ಪೂರ್ವದ ಇಳಿಜಾರು ಬೇರೆ, ಪಶ್ಚಿಮದ್ದು ಬೇರೆ. ಅಷ್ಟು ಚಿಕ್ಕ ಈಕ್ವೆಡಾರ್‌ನಲ್ಲಿ 1,600ಕ್ಕೂ ಜಾಸ್ತಿ ಜಾತಿ ಇರೋದು ಇದಕ್ಕೇ. ಈಕ್ವೆಡಾರ್, ಪೆರು ಎರಡೂ ಸರಿಯಾಗಿ ಮಾಡಿದ್ಮೇಲೆ ಬೊಲಿವಿಯಾಗೆ ಹೋದ್ರೆ ಹೆಚ್ಚಾಗಿ ನೋಡಿದ್ದನ್ನೇ ನೋಡ್ತೀರ, ಹೊಸದು ಸಿಗಲ್ಲ ಅಂತಲ್ಲ, ಆದ್ರೆ ಅದೇ ಎರಡು ವಾರ ಆಫ್ರಿಕಾಗೆ ಕೊಟ್ರೆ ಕಣ್ಣಿಗೆ ಬಿದ್ದಿದ್ದೆಲ್ಲಾ ಹೆಚ್ಚುಕಮ್ಮಿ ಹೊಸದೇ. ಕೀನ್ಯಾ ಒಂದರಲ್ಲೇ ಸಾವಿರದ ಮೇಲಿದೆ. ಮಡಗಾಸ್ಕರ್‌ನಲ್ಲಿ ಒಟ್ಟು ಸಂಖ್ಯೆ ಕಮ್ಮಿ, ಆದ್ರೆ ಬೇರೆಲ್ಲೂ ಸಿಗದೇ ಇರೋದೇ ನೂರರ ಮೇಲೆ.

ಕಾಡುಪಾಪ:
ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ, ಒಂದು ಸೇರಿಸ್ತೀನಿ. ಎಲ್ಲಿ ಹೋದ್ರೂ ಆ ಜಾಗದ ಹಕ್ಕಿ ಹುಚ್ಚರನ್ನ ಮೊದಲೇ ಹಿಡ್ಕೊಳಿ. ಸ್ಟ್ರೈಕರ್ ಮಾಡಿದ್ದೂ ಅದನ್ನೇ, ತಾನೊಬ್ಬನೇ ನೋಡಿದ್ದನ್ನ ಲೆಕ್ಕಕ್ಕೇ ಹಿಡೀತಿರ್ಲಿಲ್ಲ. 2008ರಲ್ಲಿ ರುತ್ ಮಿಲ್ಲರ್, ಆಲನ್ ಡೇವಿಸ್ ಜೋಡಿ ಮಾಡಿದ್ದ 4,341ರ ದಾಖಲೆಯನ್ನ ಅವನು ಮುರಿದಿದ್ದು ಕೇರಳದ ತಟ್ಟೇಕಾಡಲ್ಲಿ, ಶ್ರೀಲಂಕಾ ಫ್ರಾಗ್‌ಮೌತ್ ನೋಡಿ, ಅದೇ ನಮ್ಮ ಕಪ್ಪೆಬಾಯಿ. ಹಗಲು ಕೂತಿರೋ ಕಪ್ಪೆಬಾಯಿನ ಯಾರಾದ್ರೂ ನೋಡಿದೀರಾ? ಒಣಗಿದ ಎಲೆ ಥರ ಇರತ್ತೆ, ಯಾವ ಕೊಂಬೆ ಅಂತ ಗೊತ್ತಿರೋರು ಪಕ್ಕದಲ್ಲಿಲ್ಲ ಅಂದ್ರೆ ಮೂಗಿನ ಮುಂದೆ ಇದ್ರೂ ಕಾಣಲ್ಲ.

ಕೂಗಿನ ವಿಷಯ: ಅಮೆರಿಕನ್ ಬರ್ಡಿಂಗ್ ಅಸೋಸಿಯೇಷನ್ ನಿಯಮದಲ್ಲಿ ಕೇಳಿದ್ದೂ ಲೆಕ್ಕಕ್ಕೆ ಬರತ್ತೆ, ಆದ್ರೆ ಕೂಗು ಯಾರದ್ದು ಅಂತ ನಿಮಗೇ ಖಚಿತ ಇರ್ಬೇಕು, ಆಪ್ ಹೇಳ್ತು ಅಂತ ಟಿಕ್ ಹಾಕೋದಲ್ಲ. ನಾನಂತೂ ಕೇಳಿದ್ದನ್ನ ಬೇರೆ ಕಾಲಂನಲ್ಲಿ ಇಟ್ಟಿದೀನಿ. ಟಿನಾಮು, ಆಂಟ್‌ಪಿಟ್ಟಾ ಥರ ಕಾಡಿನ ನೆಲದಲ್ಲಿ ಅಡಗಿರೋ ಹಕ್ಕಿಗಳ ಹತ್ರ ಕಣ್ಣಲ್ಲೇ ನೋಡ್ಬೇಕು ಅನ್ನೋ ಹಠ ಸಾಧಿಸೋದು ಕಷ್ಟ, ಈಕ್ವೆಡಾರ್‌ನ ಮಿಂಡೋ ಕಡೆ ಎರೆಹುಳ ಹಾಕಿ ಜೈಂಟ್ ಆಂಟ್‌ಪಿಟ್ಟಾನ ಹಾದಿಗೇ ಕರೆಯೋ ಜಾಗ ಇದೆ, ಅಲ್ಲಿ ಹೋಗಿ. ಪ್ಲೇಬ್ಯಾಕ್, ಅಂದ್ರೆ ರೆಕಾರ್ಡ್ ಮಾಡಿದ ಕೂಗು ಹಾಕಿ ಹಕ್ಕಿನ ಕರೆಯೋದು, ಮಾತ್ರ ಅತಿ ಮಾಡ್ಬೇಡಿ, ಗೂಡು ಕಟ್ಟೋ ಕಾಲದಲ್ಲಿ ಹಕ್ಕಿ ಇರೋ ಕೆಲಸ ಬಿಟ್ಟು ನಿಮ್ಮ ಸ್ಪೀಕರ್ ಜೊತೆ ಜಗಳಕ್ಕೆ ನಿಲ್ಲತ್ತೆ.

ಮರಕುಟಿಗ:
ಎಲ್ರೂ ಹುರಿದುಂಬಿಸ್ತಿದೀರಲ್ಲ, ಒಬ್ಬನಾದ್ರೂ ತಣ್ಣೀರು ಎರಚ್ಬೇಕಲ್ವಾ. ನಾನು ನಾಲ್ಕು ತಿಂಗಳು ಇದೇ ಮಾಡಿದ್ದೆ, ಎರಡನೇ ತಿಂಗಳಿಗೇ ಗುಮಾಸ್ತ ಆಗ್ಬಿಟ್ಟೆ. ಮುಂಜಾನೆ ಕತ್ತಲಲ್ಲಿ ಕಾಕ್-ಆಫ್-ದ-ರಾಕ್ ಅನ್ನೋ ಹಕ್ಕಿಯ ಗಂಡುಗಳು ಕೆಂಪಗೆ ಕುಣೀತಿವೆ, ನಾನು ವಾಚ್ ನೋಡ್ತಾ ನಿಂತಿದೀನಿ, ಟಿಕ್ ಆಯ್ತು ನಡೀರಿ ಅಂತ. ಇವತ್ತಿಗೂ ಹೊಟ್ಟೆ ಉರಿಯತ್ತೆ. ಅದೂ ಅಲ್ದೆ ವಿಮಾನದ ಹೊಗೆ ಬೇರೆ, 2014ರಲ್ಲಿ ಡೋರಿಯನ್ ಆಂಡರ್ಸನ್ ಅಂತ ಒಬ್ಬ ಅಮೆರಿಕಾದಲ್ಲಿ ಸೈಕಲ್ ಮೇಲೇ 618 ಜಾತಿ ನೋಡಿದ, ಅದನ್ನ ಯೋಚನೆ ಮಾಡಿ. ಹೋಗೇ ಹೋಗ್ತೀನಿ ಅಂದ್ರೆ ಯೆಲ್ಲೋ ಫೀವರ್ ಇಂಜೆಕ್ಷನ್ ಕನಿಷ್ಠ ಹತ್ತು ದಿನ ಮೊದಲೇ ಹಾಕಿಸ್ಕೊಳಿ, ಒಂದ್ಸಲ ಹಾಕಿಸಿದ್ರೆ ಅದಕ್ಕೆ ಕೊಡೋ ಲಸಿಕೆ ಕಾರ್ಡ್ ಜೀವನಪೂರ್ತಿ ನಡೆಯತ್ತೆ, ಆದ್ರೆ ಅದು ಕೈಚೀಲದಲ್ಲಿರಲಿ. ನನ್ನದು ಕಳೆದುಹೋದ ಲಗೇಜಲ್ಲಿತ್ತು, ಮುಂದಿನ ಕಥೆ ಕೇಳ್ಬೇಡಿ.

ಟಿಟ್ಟಿಭ:
ಎಲ್ರಿಗೂ ಥ್ಯಾಂಕ್ಸ್. ಕೂತು ಪಟ್ಟಿ ಒಡೆದಾಕಿದೆ, 28 ಹೋಗಿ 9 ಆಯ್ತು. ವಾರಕ್ಕೊಂದು ದಿನ ಪಟ್ಟಿ ಮುಟ್ಟಲ್ಲ ಅಂತಾನೂ ಬರ್ಕೊಂಡಿದೀನಿ ಮರಕುಟಿಗ ಅಣ್ಣಾ. ಜನವರಿಯಲ್ಲಿ ಈಕ್ವೆಡಾರ್‌ನಿಂದ ಶುರು ಮಾಡ್ಲಾ?

ಗೂಬೆಕಣ್ಣು:
ಬೇಡ, ಆಗ ಅಲ್ಲಿ ಪಶ್ಚಿಮದ ಕಡೆ ಮಳೆ ಶುರುವಾಗಿರತ್ತೆ. ಜನವರಿ ಫೆಬ್ರವರಿ ಕೀನ್ಯಾ ಉಗಾಂಡ ಹಾಕಿ, ಒಣಹವೆ, ಮೇಲಾಗಿ ಯುರೋಪಿನ ವಲಸೆ ಹಕ್ಕಿಗಳೂ ಅಲ್ಲೇ ಇರ್ತಾವೆ, ಅವುಗಳಿಗೆ ಅಂತ ಯುರೋಪಿಗೆ ಹೋಗೋ ಖರ್ಚು ಉಳೀತು. ಜೂನ್‌ನಿಂದ ಆಗಸ್ಟ್ ಪೆರು, ಸೆಪ್ಟೆಂಬರ್‌ಗೆ ಆಸ್ಟ್ರೇಲಿಯಾ ವಸಂತ, ಅಕ್ಟೋಬರ್ ನವೆಂಬರ್ ಮಡಗಾಸ್ಕರ್, ಆಗ ಗೂಡು ಕಟ್ಟೋ ಕಾಲ, ಹಾಡ್ತಾ ಇರ್ತಾವೆ, ಹುಡುಕೋದು ಸುಲಭ. ಡಿಸೆಂಬರ್ ಮಾತ್ರ ಖಾಲಿ ಬಿಡಿ ಸರ್, ಎಲ್ಲಿ ಏನು ತಪ್ಪಿಹೋಯ್ತೋ ಅಲ್ಲಿಗೆ ವಾಪಸ್ ಹೋಗೋಕೆ.