ಸಹಾಯ ಬೇಕು: ಅಪ್ಪನ ರಾತ್ರಿ ಎದೆಯುರಿ

ಅಪ್ಪ ಮಲಗಿದರೆ ಸಾಕು, ಎದೆಯುರಿ ಶುರು. ಹುಳಿನೀರು ಗಂಟಲಿಗೆ ಬಂದು ಎದ್ದು ಕೂರುತ್ತಾರೆ. ಹೃದಯ ಸರಿಯಿದೆ, ತೋರಿಸಿ ಆಯಿತು. ಹೊಟ್ಟೆ ಕರಗಿಸಿ, ಊಟಕ್ಕೂ ನಿದ್ದೆಗೂ 3 ಗಂಟೆ ಬಿಡಿ ಅಂದರು ಡಾಕ್ಟರ್. ಇವರು ಅಂಗಡಿ ಮುಚ್ಚಿ ಬರುವುದೇ 10.30ಕ್ಕೆ, ಮುದ್ದೆ, ಖಾರದ ಸಾರು ಹೊಟ್ಟೆ ಬಿರಿಯೆ ಉಂಡು, ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕಿಕೊಂಡು ಹಾಗೇ ಅಡ್ಡಾಗುತ್ತಾರೆ. ಹೇಳಿದರೆ ಕೇಳಬೇಕಲ್ವಾ! ಮಂಚದ ತಲೆಕಡೆ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟ ಮೇಲೆ ಸ್ವಲ್ಪ ವಾಸಿ. ಸುಮ್ನೆ ದಿಂಬು ಪೇರಿಸಿದರೆ ಹೊಟ್ಟೆ ಮಡಚಿ ಉರಿ ಇನ್ನೂ ಜಾಸ್ತಿ. ಬಿಪಿಗೆ ಆಮ್ಲೋಡಿಪಿನ್ ಬೇರೆ ನುಂಗುತ್ತಾರೆ, ಆ ಗುಂಪಿನ ಮಾತ್ರೆಗಳಿಂದಲೂ ಕೆಲವರಿಗೆ ಎದೆಯುರಿ ಹೆಚ್ಚುತ್ತದಂತೆ. ಡಾಕ್ಟರನ್ನು ಕೇಳಿ ಬದಲಿಸಿಕೊಂಡವರು ಇದ್ದೀರಾ? ತಡವಾಗಿ ಮನೆ ಸೇರುವವರು ಊಟ ಹೇಗೆ ಹೊಂದಿಸಿದ್ದೀರಿ? ಹೊಗೆಸೊಪ್ಪು ಬಿಡಿಸಿದ ದಾರಿ ಗೊತ್ತಿದ್ದರೆ ಅದನ್ನೂ ಹೇಳಿ, ಪ್ಲೀಸ್.