/26 ಬ್ಲಾಕನ್ನು ಗ್ರಾಹಕರಿಗೆ ಬೇರೆ ಬೇರೆ ಜಾಲಗಳಾಗಿ ಹಂಚುವುದು ಹೇಗೆ?

ಪ್ರಶ್ನೆ – ಸಿದ್ದಾಪುರದಿಂದ

ಎಲ್ಲರಿಗೂ ನಮಸ್ಕಾರ. ಕೇಬಲ್ ಟಿವಿಯೊಂದಿಗೆ ಫೈಬರ್ ಇಂಟರ್ನೆಟ್ಟನ್ನೂ ಕೊಡುವ ಸಣ್ಣ ಆಪರೇಟರ್ ನಾನು. ಮೇಲಿನ ಕಂಪನಿಯವರು ನಮಗೆ 64 ಪಬ್ಲಿಕ್ ವಿಳಾಸಗಳ ಒಂದು ಬ್ಲಾಕ್ ಕೊಟ್ಟಿದ್ದಾರೆ. ನಿಜವಾದ ಸಂಖ್ಯೆಯ ಬದಲು, ಉದಾಹರಣೆಗೆಂದೇ ಮೀಸಲಿರುವ ವಿಳಾಸಗಳಿಂದ ಆಯ್ದು 203.0.113.64/26 ಎಂದು ಬರೆಯುತ್ತಿದ್ದೇನೆ. ಈವರೆಗೆ ಎಲ್ಲರನ್ನೂ ಒಂದೇ ಜಾಲದಲ್ಲಿಟ್ಟು, ಅವರವರ ರೂಟರಿನಲ್ಲಿ ವಿಳಾಸವನ್ನು ಕೈಯಿಂದಲೇ ಹಾಕುತ್ತಿದ್ದೆವು. ಕಳೆದ ಮಳೆಗಾಲದಲ್ಲಿ ಸಿಡಿಲಿಗೆ ಒಂದು ಹೋಂಸ್ಟೇಯ ರೂಟರ್ ಸುಟ್ಟುಹೋಗಿ, ಹೊಸದನ್ನು ಕೂರಿಸಿದವರು ತಪ್ಪಿ ಪಕ್ಕದ ಕಾಫಿ ಕ್ಯೂರಿಂಗ್ ವರ್ಕ್ಸಿನ ವಿಳಾಸವನ್ನೇ ಹಾಕಿದ್ದರಿಂದ, ಎರಡು ದಿನ ಇಬ್ಬರ ಸಂಪರ್ಕವೂ ಬಿಟ್ಟು ಬಿಟ್ಟು ಬರುತ್ತಿತ್ತು.

ರೆಸಾರ್ಟಿಗೆ 10, ಕ್ಯೂರಿಂಗ್ ವರ್ಕ್ಸಿಗೆ 5, ಸಹಕಾರ ಸಂಘಕ್ಕೆ 2, ಮೂರು ಹೋಂಸ್ಟೇಗಳಿಗೆ ತಲಾ 1 ವಿಳಾಸ ಬೇಕು; ಮನೆಗಳಿಗೆ ನ್ಯಾಟ್ (ಹಲವರು ಒಂದೇ ಪಬ್ಲಿಕ್ ವಿಳಾಸವನ್ನು ಹಂಚಿಕೊಳ್ಳುವ ವ್ಯವಸ್ಥೆ) ಸಾಕು. ವಿಳಾಸದ ಕೊನೆಯ ಸಂಖ್ಯೆಯನ್ನಷ್ಟೇ ಹೇಳುವುದಾದರೆ, ಕ್ಯೂರಿಂಗ್ ವರ್ಕ್ಸಿಗೆ 64ರಿಂದ 71, ರೆಸಾರ್ಟಿಗೆ 72ರಿಂದ 87 ಎಂದು ಹಂಚಿ ನೋಡಿದೆ. ರೆಸಾರ್ಟಿನಲ್ಲಿ 80ರಿಂದ ಮೇಲಿನ ಒಂದು ವಿಳಾಸವೂ ಕೆಲಸ ಮಾಡುತ್ತಿಲ್ಲ.

ಉತ್ತರ – ಕುಶಾಲನಗರದಿಂದ

ಹದಿನಾರರ ತುಂಡು (/28) ಹದಿನಾರರಿಂದ ಭಾಗವಾಗುವ ಸಂಖ್ಯೆಯಲ್ಲೇ ಆರಂಭವಾಗಬೇಕು. 72/28 ಎಂದು ನೀವು ಬರೆದರೂ ರೂಟರ್ ಅದನ್ನು 64ರಿಂದ 79ರವರೆಗಿನ ಜಾಲವೆಂದೇ ಓದುತ್ತದೆ. ಹಾಗಾಗಿ 80ರ ನಂತರದವು ಹೊರಗುಳಿದವು, ಮೊದಲ ಎಂಟು ಕ್ಯೂರಿಂಗ್ ವರ್ಕ್ಸಿನ ಮೇಲೆ ಬಿದ್ದವು. ದೊಡ್ಡ ತುಂಡನ್ನು ಮೊದಲು ಕತ್ತರಿಸಿದರೆ ಈ ತೊಡಕೇ ಬರುವುದಿಲ್ಲ. ರೆಸಾರ್ಟಿಗೆ 64/28, ಕ್ಯೂರಿಂಗ್ ವರ್ಕ್ಸಿಗೆ 80/29 (ಎಂಟರ ತುಂಡು), ಸಂಘಕ್ಕೆ 88/29 ಕೊಡಿ. ಪ್ರತಿ ತುಂಡಿನಲ್ಲೂ ಮೊದಲನೆಯದು ಜಾಲದ ವಿಳಾಸ, ಕೊನೆಯದು ಎಲ್ಲರಿಗೂ ಒಟ್ಟಿಗೆ ಕಳುಹಿಸುವ ಬ್ರಾಡ್‌ಕಾಸ್ಟ್, ಇನ್ನೊಂದು ಹೊರಗೆ ಹೋಗುವ ದಾರಿಯಾದ ನಿಮ್ಮ ಗೇಟ್‌ವೇ. ಎಂಟರಲ್ಲಿ ಗ್ರಾಹಕನಿಗೆ ಸಿಗುವುದು ಐದೇ, ಅಂದರೆ ಕ್ಯೂರಿಂಗ್ ವರ್ಕ್ಸಿನವರು ನಾಳೆ ಆರನೆಯದನ್ನು ಕೇಳಿದರೆ ಆ ತುಂಡಿನಲ್ಲಿ ಜಾಗವಿಲ್ಲ. ಹೋಂಸ್ಟೇಗಳಿಗೆ /30 ಕೊಟ್ಟು ಒಂದು ವಿಳಾಸಕ್ಕಾಗಿ ನಾಲ್ಕನ್ನು ಕಳೆಯಬೇಡಿ; ಪಿಪಿಪಿಒಇ (ಹೆಸರು, ಗುಪ್ತಪದ ಕೊಟ್ಟು ಸಂಪರ್ಕ ಪಡೆಯುವ ವಿಧಾನ) ಮೂಲಕ ಒಂದೊಂದೇ ವಿಳಾಸ ಕೊಡಬಹುದು. ಅದಕ್ಕೆ 96/29 ಇರಲಿ, 104/29 ಖಾಲಿ ಇರಲಿ, 112/28 ನ್ಯಾಟಿಗಿರಲಿ.

ಉತ್ತರ – ಮಡಿಕೇರಿಯಿಂದ

ಮೇಲಿನ ಲೆಕ್ಕ ಸರಿಯಾಗಿದೆ, ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಆ ಬ್ಲಾಕನ್ನು ಮೇಲಿನ ಕಂಪನಿಯವರು ನಿಮ್ಮ ರೂಟರಿಗೆ ರೂಟ್ ಮಾಡಿದ್ದಾರೆಯೇ, ಅಥವಾ ಅವರ ರೂಟರೇ 65 ಎಂಬ ಗೇಟ್‌ವೇಯಾಗಿ ಕುಳಿತಿದೆಯೇ? ಎರಡನೆಯದಾದರೆ ಇಡೀ /26 ತನ್ನ ತಂತಿಯಲ್ಲೇ ಇದೆ ಎಂದು ಅದು ನಂಬಿಕೊಂಡು, ಪ್ರತಿ ವಿಳಾಸವನ್ನೂ, ‘ಇದು ಯಾರದು?’ ಎಂದು ತಂತಿಯಲ್ಲಿ ಕೇಳುವ ಎಆರ್‌ಪಿಯಲ್ಲಿ ಕೂಗಿ ಹುಡುಕುತ್ತದೆ. ನಿಮ್ಮ ರೂಟರಿನ ಹಿಂದೆ ಅಡಗಿದ ಗ್ರಾಹಕನಿಗೆ ಆ ಕೂಗು ಕೇಳಿಸುವುದಿಲ್ಲ. ಗ್ರಾಹಕನ ಪರವಾಗಿ ನಿಮ್ಮ ರೂಟರೇ ಉತ್ತರಿಸುವ ಪ್ರಾಕ್ಸಿ ಎಆರ್‌ಪಿಯಿಂದ ತೇಪೆ ಹಾಕಬಹುದಾದರೂ ನಾನು ಅದನ್ನು ಒಪ್ಪುವುದಿಲ್ಲ. ನಡುವಿನ ಕೊಂಡಿಗೆ ಬೇರೆ /30 ಕೊಟ್ಟು /26 ಪೂರ್ತಿಯನ್ನು ನಿಮ್ಮತ್ತ ರೂಟ್ ಮಾಡುವಂತೆ ಬರವಣಿಗೆಯಲ್ಲಿ ಕೇಳಿ.

ಹಾಗೆ ಬಂದ ಮೇಲೆ ಇಡೀ /26ಕ್ಕೆ, ಬೇರೆ ದಾರಿಯಿಲ್ಲದ ಪ್ಯಾಕೆಟ್ಟನ್ನು ಬಿಸಾಡುವ ಒಂದು ಬ್ಲ್ಯಾಕ್‌ಹೋಲ್ ರೂಟ್ ಹಾಕಿಕೊಳ್ಳಿ. ಇಲ್ಲವಾದರೆ ಯಾರಿಗೂ ಕೊಡದ ವಿಳಾಸಕ್ಕೆ ಬಂದ ಪ್ಯಾಕೆಟ್ಟನ್ನು ನಿಮ್ಮ ರೂಟರ್ ಡಿಫಾಲ್ಟ್ ರೂಟಿನಲ್ಲಿ ಹಿಂದಕ್ಕೆ ಕಳುಹಿಸುತ್ತದೆ, ಅವರು ಮತ್ತೆ ಇತ್ತ ತಳ್ಳುತ್ತಾರೆ, ಟಿಟಿಎಲ್ (ಪ್ಯಾಕೆಟ್ ಎಷ್ಟು ರೂಟರ್ ದಾಟಬಹುದೆಂಬ ಮಿತಿ) ಮುಗಿಯುವವರೆಗೂ ಇದೇ ಆಟ. ಇನ್ನು, ವಿಳಾಸ ಬೇರೆಯಾದ ಮಾತ್ರಕ್ಕೆ ಜಾಲ ಬೇರೆಯಾಗುವುದಿಲ್ಲ. ಫೈಬರ್ ಕೊಂಡಿಗಳೆಲ್ಲ ಬಂದು ಸೇರುವ ಓಎಲ್‌ಟಿಯಲ್ಲಿ ಪ್ರತಿ ದೊಡ್ಡ ಗ್ರಾಹಕನಿಗೂ ಪ್ರತ್ಯೇಕ ವಿಲ್ಯಾನ್ (ಒಂದೇ ತಂತಿಯಲ್ಲಿ ಬೇರ್ಪಡಿಸಿದ ಜಾಲ) ಇಲ್ಲದಿದ್ದರೆ ಮುಂದಿನ ಸಿಡಿಲಿಗೂ ಅದೇ ಕಥೆ.

ಪ್ರಶ್ನೆ ಕೇಳಿದವರಿಂದ

ವಿಚಾರಿಸಿದೆ. ನೀವು ಊಹಿಸಿದಂತೆ 65 ಅವರ ರೂಟರಿನಲ್ಲೇ ಇದೆ. ಬದಲಾಯಿಸಲು ಒಪ್ಪಿದ್ದಾರೆ, ಆದರೆ ಕೊಂಡಿಗೆ /30ರ ಬದಲು /31 ಕೊಡುತ್ತಾರಂತೆ. ಎರಡೇ ವಿಳಾಸಗಳಲ್ಲಿ ನಡೆಯುತ್ತದೆಯೇ?

ಉತ್ತರ – ಮಡಿಕೇರಿಯಿಂದ

ನಡೆಯುತ್ತದೆ. ಎರಡೇ ತುದಿಗಳಿರುವ ಕೊಂಡಿಗೆ ಬ್ರಾಡ್‌ಕಾಸ್ಟ್ ಬೇಕಿಲ್ಲವೆಂದು 2000ದಲ್ಲೇ ಆರ್‌ಎಫ್‌ಸಿ 3021ರಲ್ಲಿ ಬರೆದಿದ್ದಾರೆ. ನಿಮ್ಮ ರೂಟರ್ ಅದನ್ನು ಒಪ್ಪುತ್ತದೆಯೇ ಎಂದು ಮೊದಲು ಮೇಜಿನ ಮೇಲೆಯೇ ಪರೀಕ್ಷಿಸಿ, ಬದಲಾವಣೆಯನ್ನು ರೆಸಾರ್ಟ್ ತುಂಬಿರುವ ಶನಿವಾರ, ಭಾನುವಾರ ಬಿಟ್ಟು ಇಟ್ಟುಕೊಳ್ಳಿ.