ಹುಪ್ಪಾ, ಕೆತುಬಾ: ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಯಹೂದಿ ಮದುವೆಯ ಬಗ್ಗೆ ಒಂದು ಬರಹ ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಪದಗಳಿಗೆ ನಿಮ್ಮ ಸಲಹೆ ಬೇಕು.

ಮೊದಲನೆಯದು ಹುಪ್ಪಾ. ಈ ‘ಹ’ವನ್ನು ಗಂಟಲಿನಿಂದ ಎಳೆದು ಹೇಳಬೇಕು. ನಾಲ್ಕು ಕೋಲುಗಳ ಮೇಲೆ ಬಟ್ಟೆ ಕಟ್ಟಿ, ಅದರ ಕೆಳಗೆ ಹುಡುಗ ಹುಡುಗಿ ನಿಲ್ಲುತ್ತಾರೆ. ಕೆಲವರು ತಲ್ಲಿತ್ ಅನ್ನುವ ಪ್ರಾರ್ಥನೆಯ ಶಾಲನ್ನೇ ಕಟ್ಟುತ್ತಾರೆ. ಅದು ಅವರಿಬ್ಬರ ಹೊಸ ಮನೆಯ ಗುರುತು. ಸುತ್ತ ಗೋಡೆ ಇಲ್ಲ. ಯಹೂದಿಗಳ ಮೂಲಪುರುಷ ಅಬ್ರಹಾಮನ ಗುಡಾರದ ಹಾಗೆ ಬಂದವರಿಗೆಲ್ಲ ತೆರೆದಿರಲಿ ಅಂತ.

‘ಮಂಟಪ’ ಅಂದರೆ ನಮಗೆ ಛತ್ರದ ಕಂಬ, ಹೂವಿನ ಅಲಂಕಾರ ಕಣ್ಣಿಗೆ ಬರುತ್ತದೆ. ‘ಚಪ್ಪರ’ ಮನೆ ಮುಂದಿನದು, ನೆಂಟರಿಗೆಲ್ಲ ನೆರಳು ಕೊಡುವಂಥದ್ದು. ವಸ್ತುವಿಗೆ ಸರಿಯಾಗಿ ಹೊಂದುವುದು ‘ಮೇಲ್ಕಟ್ಟು’. ಆದರೆ ಹೀಬ್ರೂನಲ್ಲಿ ಹುಪ್ಪಾ ಅಂದರೆ ಮದುವೆ ಅಂತಲೂ ಆಗುತ್ತದೆ. ಗಂಡುಮಗುವಿಗೆ 8ನೇ ದಿನ ಸುನ್ನತಿ ಮಾಡಿಸುವಾಗ, ತೋರಾ (ಯಹೂದಿಗಳ ಧರ್ಮಗ್ರಂಥ) ಕಲಿಯಲಿ, ಹುಪ್ಪಾ ಕಾಣಲಿ, ಒಳ್ಳೆ ಕೆಲಸ ಮಾಡಲಿ ಅಂತ ಹರಸುತ್ತಾರೆ. ಅಲ್ಲಿ ‘ಮೇಲ್ಕಟ್ಟು ಕಾಣಲಿ’ ಅಂದರೆ ನಗೆಪಾಟಲು. ‘ಹಸೆಮಣೆ ಏರಲಿ’ ಅಂದರೆ ಥಟ್ಟನೆ ಅರ್ಥವಾಗುತ್ತದೆ. ತೊಂದರೆ ಏನಂದ್ರೆ, ಹುಪ್ಪಾ ಕೆಳಗೆ ಮಣೆಯೂ ಇಲ್ಲ, ಕೂರುವ ಶಾಸ್ತ್ರವೂ ಇಲ್ಲ!

ಎರಡನೆಯದು ಕೆತುಬಾ. ‘ಬರೆದದ್ದು’ ಅಂತ ಮೂಲ ಅರ್ಥ. ಅರಬ್ಬಿಯ ‘ಕಿತಾಬ್’ ಇದರ ದಾಯಾದಿ. ಅರಾಮಿಕ್ ಭಾಷೆಯಲ್ಲಿರುವ ಈ ಪತ್ರಕ್ಕೆ ಇಬ್ಬರು ಸಾಕ್ಷಿಗಳ ಸಹಿ ಬೀಳುತ್ತದೆ. ಉಂಗುರ ತೊಡಿಸಿದ ಮೇಲೆ ಎಲ್ಲರೆದುರು ಓದುತ್ತಾರೆ. ಪ್ರೀತಿ ಪ್ರೇಮದ ಮಾತು ಅದರಲ್ಲಿಲ್ಲ. ಗಂಡ ಊಟ ಬಟ್ಟೆಗೆ ನೋಡಿಕೊಳ್ಳಬೇಕು. ಅವನು ಬಿಟ್ಟರೆ ಅಥವಾ ತೀರಿಕೊಂಡರೆ ಅವಳಿಗೆ ಇಷ್ಟು ದುಡ್ಡು ಸಲ್ಲಬೇಕು: ಕನ್ಯೆಗೆ 200 ಝೂಜ್, ವಿಧವೆಗೆ 100. ಝೂಜ್ ಅಂದರೆ ಆಗಿನ ಬೆಳ್ಳಿ ನಾಣ್ಯ. ಪತ್ರ ಹೆಂಡತಿಯ ಕೈಯಲ್ಲೇ ಇರಬೇಕು.

‘ಲಗ್ನಪತ್ರಿಕೆ’ ಅಂತೂ ಬೇಡವೇ ಬೇಡ, ಓದುವವರು ಕರೆಯೋಲೆ ಅಂದುಕೊಳ್ಳುತ್ತಾರೆ. ‘ಮದುವೆ ಕರಾರು’ ಕೇಳೋಕೆ ಸ್ವಲ್ಪ ಒರಟು, ಬಾಡಿಗೆ ಮನೆಯ ನೆನಪಾಗುತ್ತದೆ. ಆದರೂ ನನಗೆ ಅದೇ ಇಷ್ಟ. ಹೆಣ್ಣಿನ ಪಾಲಿಗೆ ಅದು ಆಸರೆಯ ಕಾಗದ ತಾನೇ? ಸುಮ್ನೆ ‘ಒಲವಿನ ಓಲೆ’ ಅಂತ ಮೆತ್ತಗೆ ಮಾಡಿದರೆ ಅದರ ಗಟ್ಟಿತನವೇ ಹೋಗುತ್ತದೆ. ಆದರೆ ಈಗ ಸುಧಾರಣಾವಾದಿ ಪಂಗಡದ ಎಷ್ಟೋ ಜೋಡಿಗಳು ಹಳೆಯ ಒಕ್ಕಣೆ ಬಿಟ್ಟು, ಇಬ್ಬರೂ ಒಬ್ಬರಿಗೊಬ್ಬರು ಕೊಡುವ ಮಾತನ್ನು ಬರೆಸುತ್ತಾರೆ. ಬಣ್ಣದ ಅಂಚು ಬಿಡಿಸಿ, ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕುತ್ತಾರೆ. ಅದನ್ನೂ ಕರಾರು ಅನ್ನೋದು ಕಷ್ಟ, ಅಲ್ವಾ? ನಿಕಾಹ್‌ನಾಮಾವನ್ನು ನಾವು ಹಾಗೇ ಬಳಸುತ್ತೇವೆ. ಹಾಗಾಗಿ ‘ಕೆತುಬಾ’ ಅಂತಲೇ ಇಟ್ಟು, ಮೊದಲ ಸಲ ಮಾತ್ರ ‘ಮದುವೆ ಕರಾರು’ ಅಂತ ಬಿಡಿಸಿ ಹೇಳೋಣ ಅಂತಿದ್ದೇನೆ.

ಹುಪ್ಪಾದ ವಿಷಯ ಮಾತ್ರ ಬಗೆಹರಿದಿಲ್ಲ. ಒಂದೇ ಬರಹದಲ್ಲಿ ಒಂದು ಕಡೆ ‘ಮೇಲ್ಕಟ್ಟು’, ಇನ್ನೊಂದು ಕಡೆ ‘ಹಸೆಮಣೆ’ ಅಂದರೆ ನಡೆಯುತ್ತದಾ? ಮೇಲ್ಕಟ್ಟು ಅನ್ನೋ ಮಾತು ನಿಮ್ಮ ಕಡೆ ಈಗಲೂ ಬಳಕೆಯಲ್ಲಿದೆಯಾ? ಇದ್ದರೆ ಯಾವುದಕ್ಕೆ ಹೇಳುತ್ತಾರೆ, ತಿಳಿಸಿ.